ಸ್ವಯಂ ಕೊಯ್ಲಿನ ಬೆರಿ ತೋಟ

ಸ್ವಯಂ ಕೊಯ್ಲಿನ ಬೆರಿ ತೋಟ ಎಂದರೆ ಗಿರಾಕಿಗಳೇ ಗಿಡದ ಸಾಲುಗಳ ನಡುವೆ ನಡೆದು, ಮಾಗಿದ ಹಣ್ಣನ್ನು ತಮ್ಮ ಕೈಯಿಂದಲೇ ಬಿಡಿಸಿ, ತೂಕ ಹಾಕಿಸಿ, ಹಣ ಕೊಟ್ಟು ಒಯ್ಯಲು ತೆರೆದಿಟ್ಟ ತೋಟ. ಅಮೆರಿಕ ಮತ್ತು ಕೆನಡಾದಲ್ಲಿ ಇದಕ್ಕೆ ಯು-ಪಿಕ್ ಎಂದೂ ಬ್ರಿಟನ್ನಿನಲ್ಲಿ ಪಿಕ್ ಯುವರ್ ಓನ್ ಎಂದೂ ಹೆಸರು. ಸೇಬು, ಚೆರಿ, ಕುಂಬಳ, ಹೂವುಗಳಿಗೂ ಇಂಥ ತೋಟಗಳಿವೆ. ಆದರೆ ಈ ಪದ್ಧತಿ ಅತಿ ಗಟ್ಟಿಯಾಗಿ ಬೇರುಬಿಟ್ಟಿರುವುದು ಬೆರಿ ಹಣ್ಣುಗಳಲ್ಲಿ, ಅದರಲ್ಲೂ ಸ್ಟ್ರಾಬೆರಿಯಲ್ಲಿ.

ಕಾರಣ ಹಣ್ಣಿನ ಸ್ವಭಾವದಲ್ಲೇ ಇದೆ. ಮಾವನ್ನು ಬಲಿತ ಕಾಯಿಯಾಗಿರುವಾಗ ಕೊಯ್ದು ಹುಲ್ಲಿನಲ್ಲಿ ಅಡೆ ಹಾಕಿದರೆ ಮನೆಯಲ್ಲೇ ಹಣ್ಣಾಗುತ್ತದೆ, ಬಾಳೆಗೊನೆಯೂ ಹಾಗೆಯೇ. ಸ್ಟ್ರಾಬೆರಿಗೆ ಈ ಗುಣವಿಲ್ಲ. ಗಿಡದಿಂದ ಬೇರ್ಪಟ್ಟ ಗಳಿಗೆಯಲ್ಲಿ ಎಷ್ಟು ಸಿಹಿ ಇತ್ತೋ ಅಷ್ಟೇ. ಆಮೇಲೆ ಬಣ್ಣ ಗಾಢವಾದೀತು, ಹಣ್ಣು ಮೆತ್ತಗಾದೀತು, ಸಿಹಿ ಮಾತ್ರ ಏರುವುದಿಲ್ಲ. ದೂರದ ಪೇಟೆಗೆ ಹೋಗುವ ಹಣ್ಣನ್ನು ದಾರಿಯಲ್ಲಿ ಜಜ್ಜಿಹೋಗದಂತೆ ಸ್ವಲ್ಪ ಮೊದಲೇ ಕೀಳಬೇಕಾಗುತ್ತದೆ, ಗಟ್ಟಿ ಮೈಯ ತಳಿಯನ್ನೇ ಬೆಳೆಯಬೇಕಾಗುತ್ತದೆ. ಪೂರ್ತಿ ಮಾಗಿದ ಹಣ್ಣು ಬೇಕೆಂದರೆ ತಿನ್ನುವವರೇ ಗಿಡದ ಬಳಿ ಹೋಗಬೇಕು. ಸ್ವಯಂ ಕೊಯ್ಲಿನ ತೋಟ ಈ ಅಗತ್ಯದ ಮೇಲೆ ನಿಂತಿದೆ.

ಹೆಸರುಗಳು

ದಿನಬಳಕೆಯ ಮಾತಿನಲ್ಲಿ ಬೆರಿ ಎಂದರೆ ಸಣ್ಣ, ರಸಭರಿತ, ಗೊರಟೆಯಿಲ್ಲದ ಹಣ್ಣು. ಸಸ್ಯಶಾಸ್ತ್ರದ ಅರ್ಥ ಬೇರೆ. ಹೂವಿನ ಒಂದೇ ಅಂಡಾಶಯವು ಪೂರ್ತಿ ತಿರುಳಾಗಿ ಬೆಳೆದು ಒಳಗೆ ಬೀಜಗಳನ್ನಿಟ್ಟುಕೊಂಡರೆ ಅದು ಬೆರಿ. ಈ ಲೆಕ್ಕದಲ್ಲಿ ದ್ರಾಕ್ಷಿ, ಟೊಮ್ಯಾಟೊ, ಬದನೆ, ಬಾಳೆ ಬೆರಿಗಳಾಗುತ್ತವೆ, ಸ್ಟ್ರಾಬೆರಿ ಆಗುವುದಿಲ್ಲ. ಸ್ಟ್ರಾಬೆರಿಯಲ್ಲಿ ನಾವು ತಿನ್ನುವ ಕೆಂಪು ತಿರುಳು ಹೂವನ್ನು ಹೊತ್ತ ಪುಷ್ಪಪೀಠ. ಅದರ ಮೈಮೇಲೆ ಬೀಜದಂತೆ ಕಾಣುವ ಒಂದೊಂದು ಕಣವೂ ಒಂದು ಒಣಕಾಯಿ, ನಿಜವಾದ ಬೀಜ ಅದರೊಳಗೆ. ರಾಸ್ಪ್‌ಬೆರಿ ಮತ್ತು ಬ್ಲ್ಯಾಕ್‌ಬೆರಿ ಹತ್ತಾರು ಪುಟ್ಟ ಹಣ್ಣುಗಳು ಒತ್ತಾಗಿ ಕೂಡಿದ ಗೊಂಚಲುಗಳು. ಈ ಲೇಖನದಲ್ಲಿ ಬೆರಿ ಎಂಬ ಪದವನ್ನು ಬಳಕೆಯ ಅರ್ಥದಲ್ಲೇ ಇಟ್ಟುಕೊಳ್ಳಲಾಗಿದೆ.

ಕನ್ನಡದಲ್ಲಿ ಈ ಹೆಸರುಗಳ ಸುತ್ತ ಕೆಲವು ಗೊಂದಲಗಳಿವೆ. ಗೂಸ್‌ಬೆರಿಯನ್ನು ನೆಲ್ಲಿಕಾಯಿ ಎಂದು ಅನುವಾದಿಸುವುದು ರೂಢಿ. ಆದರೆ ಯೂರೋಪಿನ ಗೂಸ್‌ಬೆರಿ ರೈಬೀಸ್ ಕುಲದ ಮುಳ್ಳುಪೊದೆ, ನಮ್ಮ ಬೆಟ್ಟದ ನೆಲ್ಲಿ ಫಿಲಾಂತಸ್ ಕುಲದ ಮರ, ಎರಡಕ್ಕೂ ಸಂಬಂಧವಿಲ್ಲ. ಬ್ಲ್ಯಾಕ್‌ಬೆರಿಯನ್ನು ನೋಡಿದವರಿಗೆ ರೇಷ್ಮೆ ತೋಟದ ಹಿಪ್ಪುನೇರಳೆ ನೆನಪಾಗುವುದು ಸಹಜ. ಆಕಾರ ಒಂದೇ ಬಗೆಯದಾದರೂ ಹಿಪ್ಪುನೇರಳೆಯ ಒಂದು ಹಣ್ಣು ಅನೇಕ ಹೂಗಳಿಂದ ಆದದ್ದು, ಬ್ಲ್ಯಾಕ್‌ಬೆರಿ ಒಂದೇ ಹೂವಿನದು. ಬ್ಲೂಬೆರಿಗೂ ನೇರಳೆಗೂ ಬಣ್ಣದ ಹೋಲಿಕೆ ಮಾತ್ರ.

ಹಿನ್ನೆಲೆ

ಉತ್ತರ ಯೂರೋಪಿನ ಜನರಿಗೆ ಬೆರಿ ಆರಿಸುವುದು ಕಾಡಿನ ಕೆಲಸ. ಸ್ವೀಡನ್, ನಾರ್ವೆ, ಫಿನ್ಲೆಂಡ್‌ಗಳಲ್ಲಿ ಯಾರದೇ ಒಡೆತನದ ಕಾಡಾದರೂ ಅಲ್ಲಿ ನಡೆದಾಡಿ ಕಾಡುಹಣ್ಣು ಆರಿಸಿಕೊಳ್ಳುವ ಸಾರ್ವಜನಿಕ ಹಕ್ಕು ಇಂದಿಗೂ ಇದೆ. ಬಿಲ್‌ಬೆರಿ, ಲಿಂಗನ್‌ಬೆರಿ, ಜೌಗಿನಲ್ಲಿ ಬೆಳೆಯುವ ಕೇಸರಿ ಬಣ್ಣದ ಕ್ಲೌಡ್‌ಬೆರಿ ಹೀಗೆ ಮನೆಗೆ ಬರುತ್ತವೆ. ಹಣ ಕೊಟ್ಟು ತೋಟದಲ್ಲಿ ಕೊಯ್ಯುವ ಪದ್ಧತಿ ಹೊಸದು. ಅದಕ್ಕೆ ಮೊದಲು ಬೆರಿಗಳು ತೋಟದ ಬೆಳೆಯಾಗಬೇಕಿತ್ತು.

ಇಂದಿನ ದಪ್ಪ ಸ್ಟ್ರಾಬೆರಿ ಎರಡು ಅಮೆರಿಕನ್ ಜಾತಿಗಳ ಬೆರಕೆ. ಫ್ರೆಂಚ್ ಸೇನಾ ಎಂಜಿನಿಯರ್ ಅಮೆದೆ ಫ್ರಾನ್ಸ್ವಾ ಫ್ರೆಜಿಯೆ 1714ರಲ್ಲಿ ಚಿಲಿ ದೇಶದಿಂದ ದೊಡ್ಡ ಹಣ್ಣಿನ ಸ್ಟ್ರಾಬೆರಿ ಗಿಡಗಳನ್ನು ಫ್ರಾನ್ಸಿಗೆ ತಂದ. ಅವೆಲ್ಲ ಹೆಣ್ಣು ಗಿಡಗಳಾಗಿದ್ದರಿಂದ ಮೊದಮೊದಲು ಕಾಯಿ ಕಚ್ಚಲಿಲ್ಲ. ಉತ್ತರ ಅಮೆರಿಕದಿಂದ ಬಂದಿದ್ದ ವರ್ಜೀನಿಯ ಜಾತಿಯ ಪಕ್ಕದಲ್ಲಿ ನೆಟ್ಟಾಗ ಪರಾಗ ಸಿಕ್ಕಿ ಫಲ ಬಿಟ್ಟವು, ಹಾಗೆ ಹುಟ್ಟಿದ ಬೀಜದ ಗಿಡಗಳೇ ಹೊಸ ಬೆರಕೆಯಾದವು. ಈ ಬೆರಕೆಯ ಮೂಲವನ್ನು ಆಂತ್ವಾನ್ ನಿಕೊಲಾ ದ್ಯುಷೇನ್ 1766ರ ತನ್ನ ಸ್ಟ್ರಾಬೆರಿ ಗ್ರಂಥದಲ್ಲಿ ವಿವರಿಸಿದ.

ಬ್ಲೂಬೆರಿಯ ಕಥೆ ತೀರ ಈಚಿನದು. 20ನೇ ಶತಮಾನದ ಆರಂಭದವರೆಗೆ ಅದು ಕಾಡುಪೊದೆಯಷ್ಟೇ. ಅದಕ್ಕೆ ಹುಳಿ ಮಣ್ಣೇ ಬೇಕೆಂಬುದನ್ನು ಅಮೆರಿಕ ಸರ್ಕಾರದ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಕಂಡುಕೊಂಡ. ನ್ಯೂಜೆರ್ಸಿಯ ವೈಟ್ಸ್‌ಬಾಗ್‌ನಲ್ಲಿ ಕ್ರ್ಯಾನ್‌ಬೆರಿ ಬೆಳೆಯುತ್ತಿದ್ದ ಕುಟುಂಬದ ಎಲಿಜಬೆತ್ ವೈಟ್ ಆತನ ಬರಹ ಓದಿ 1911ರಲ್ಲಿ ಕೈಜೋಡಿಸಿದಳು. ಸುತ್ತಲಿನ ಕಾಡು ಬಲ್ಲ ಜನರಿಗೆ ಅಳತೆಯ ತೂತುಗಳಿದ್ದ ತಗಡು ಕೊಟ್ಟು, ಸುಮಾರು 16 ಮಿಲಿಮೀಟರಿಗಿಂತ ದಪ್ಪ ಹಣ್ಣು ಬಿಡುವ ಪೊದೆಗಳನ್ನು ಹುಡುಕಿಸಿ, ಹುಡುಕಿದವರಿಗೆ ಹಣ ಕೊಟ್ಟಳು; ಪೊದೆಗೆ ಅವರವರ ಹೆಸರನ್ನೇ ಇಟ್ಟಳು. ರೂಬ್ ಲೀಕ್ ಎಂಬಾತ ತೋರಿಸಿದ ಪೊದೆಯಿಂದ ಬಂದ ರೂಬೆಲ್ ತಳಿ ಇಂದಿಗೂ ಬೆಳೆಯಲ್ಲಿದೆ. ತೋಟದಲ್ಲಿ ಬೆಳೆದ ಬ್ಲೂಬೆರಿ ಮೊದಲ ಬಾರಿಗೆ ಮಾರುಕಟ್ಟೆಗೆ ಬಂದದ್ದು 1916ರಲ್ಲಿ.

ಗಿರಾಕಿಗಳನ್ನು ತೋಟದೊಳಗೆ ಬಿಡುವ ಪದ್ಧತಿ ಅಮೆರಿಕದಲ್ಲಿ 1930 ಮತ್ತು 1940ರ ದಶಕಗಳಲ್ಲಿ ಹಬ್ಬಿತು. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಹಣ್ಣಿನ ಬೆಲೆ ಬಿದ್ದಿತ್ತು. ಎರಡನೇ ಮಹಾಯುದ್ಧದ ಸುಮಾರಿಗೆ ಕೂಲಿಯಾಳುಗಳೂ ಪೆಟ್ಟಿಗೆಗಳೂ ಸಿಗದಾದವು. ಕೊಯ್ಲು, ಪ್ಯಾಕಿಂಗ್, ಸಾಗಣೆ ಮೂರನ್ನೂ ಗಿರಾಕಿಗೇ ಬಿಟ್ಟುಕೊಟ್ಟ ಬೆಳೆಗಾರ ಕಡಿಮೆ ಬೆಲೆಗೆ ಮಾರಿಯೂ ಉಳಿದುಕೊಂಡ. ಮನೆಮನೆಗೆ ಫ್ರೀಜರ್ ಬಂದ ಮೇಲೆ ವರ್ಷಕ್ಕಾಗುವಷ್ಟು ಹಣ್ಣನ್ನು ಒಂದೇ ದಿನ ಕೊಯ್ದು ತುಂಬಿಡುವುದು ವಾಡಿಕೆಯಾಯಿತು. ಬ್ರಿಟನ್ನಿನಲ್ಲಿ ಈ ಪದ್ಧತಿ 1960ರ ದಶಕದಲ್ಲಿ ಬೆಳೆಯಿತು. ಡಾರ್ಬಿಶೈರ್‌ನ ರೈತನೂ ರೇಡಿಯೊ, ಟಿವಿಗಳಲ್ಲಿ ಹೆಸರಾಗಿದ್ದವನೂ ಆದ ಟೆಡ್ ಮೌಲ್ಟ್ ಅಲ್ಲಿನ ಆದ್ಯರಲ್ಲಿ ಒಬ್ಬ.

ಹಣ್ಣುಗಳು ಮತ್ತು ಕೈಚಳಕ

ಬೆರಿ ಕೊಯ್ಯುವುದು ಒಂದೇ ಕೆಲಸವಲ್ಲ. ಹಣ್ಣಿಗೊಂದು ಕೈ ಬೇಕು, ಕನ್ನಡದಲ್ಲಿ ಅದಕ್ಕೆ ಬೇರೆ ಬೇರೆ ಕ್ರಿಯಾಪದಗಳೇ ಇವೆ.

ಸ್ಟ್ರಾಬೆರಿಯನ್ನು ಚಿವುಟಬೇಕು. ಹಣ್ಣನ್ನು ಹಿಡಿದು ಎಳೆದರೆ ಬೆರಳಿನ ಗುರುತು ಬೀಳುತ್ತದೆ, ಗಿಡವೂ ಅಲುಗಾಡಿ ಪಕ್ಕದ ಮಿಡಿಗಳು ಕಳಚುತ್ತವೆ. ಹೆಬ್ಬೆರಳು ಮತ್ತು ತೋರುಬೆರಳಿನ ಉಗುರಿನ ನಡುವೆ ತೊಟ್ಟನ್ನು ಹಿಡಿದು, ಹಣ್ಣಿನಿಂದ ಅರ್ಧ ಸೆಂಟಿಮೀಟರ್ ಮೇಲೆ ಮುರಿದು, ಹಣ್ಣು ಅಂಗೈಗೆ ತಾನೇ ಬೀಳುವಂತೆ ನೋಡಿಕೊಳ್ಳಬೇಕು. ತಲೆಯ ಮೇಲಿನ ಹಸಿರು ಎಲೆಗಳ ಟೋಪಿ ಹಣ್ಣಿನ ಜೊತೆಯಲ್ಲೇ ಇರಬೇಕು. ಅದನ್ನು ಕಿತ್ತರೆ ಆ ಗಾಯದಿಂದಲೇ ಕೊಳೆ ಶುರುವಾಗುತ್ತದೆ. ಟೋಪಿಯ ಅಡಿಯಲ್ಲಿ ಬಿಳಿ ಅಥವಾ ಹಸಿರು ಭುಜ ಕಂಡರೆ ಹಣ್ಣು ಇನ್ನೂ ಮಾಗಿಲ್ಲ. ಒಳ್ಳೆಯ ಹಣ್ಣುಗಳು ಎಲೆಗಳ ಕೆಳಗೆ ಅಡಗಿರುತ್ತವೆ. ಮೇಲಿನಿಂದ ಕಾಣುವುದನ್ನಷ್ಟೇ ಕೊಯ್ದು ಮುಂದೆ ಹೋದವರ ಹಿಂದೆ, ಎಲೆ ಸರಿಸಿ ನೋಡುವವರಿಗೆ ಬುಟ್ಟಿ ತುಂಬ ಸಿಗುತ್ತದೆ.

ರಾಸ್ಪ್‌ಬೆರಿಯನ್ನು ಬಿಡಿಸಬೇಕು. ಮೂರು ಬೆರಳಲ್ಲಿ ಮೆಲ್ಲಗೆ ಹಿಡಿದಾಗ ಮಾಗಿದ ಹಣ್ಣು ತಾನಾಗಿ ಕಳಚಿಕೊಂಡು ಬರುತ್ತದೆ, ಅದರ ಬಿಳಿ ಪುಷ್ಪಪೀಠ ಕೊಂಬೆಯ ಮೇಲೆಯೇ ಉಳಿಯುತ್ತದೆ. ಹಾಗಾಗಿ ರಾಸ್ಪ್‌ಬೆರಿ ಒಳಗೆ ಟೊಳ್ಳು, ಬೊಟ್ಟಿಗೆ ಹಾಕಿಕೊಳ್ಳುವ ಟೋಪಿಯಂತೆ. ಎಳೆದೂ ಬಾರದಿದ್ದರೆ ಇನ್ನೊಂದು ದಿನ ಬೇಕೆಂದು ಅರ್ಥ. ಬ್ಲ್ಯಾಕ್‌ಬೆರಿಯಲ್ಲಿ ಪುಷ್ಪಪೀಠ ಹಣ್ಣಿನೊಂದಿಗೇ ಬರುತ್ತದೆ. ಇವೆರಡನ್ನು ಗುರುತಿಸುವ ಸುಲಭದ ದಾರಿ ಇದೇ. ಬ್ಲ್ಯಾಕ್‌ಬೆರಿ ಕಪ್ಪಾದ ಮಾತ್ರಕ್ಕೆ ಮಾಗಿದೆ ಎನ್ನುವಂತಿಲ್ಲ. ಹೊಳೆಯುವ ಕಪ್ಪು ಹುಳಿ. ಹೊಳಪು ಮಾಸಿದ ಕಪ್ಪೇ ಸಿಹಿ.

ಬ್ಲೂಬೆರಿಯನ್ನು ಉರುಳಿಸಬೇಕು. ಗೊಂಚಲಿನ ಕೆಳಗೆ ಅಂಗೈಯೊಡ್ಡಿ ಹೆಬ್ಬೆರಳಿನಿಂದ ಸವರಿದರೆ ಮಾಗಿದವು ಮಾತ್ರ ಉದುರುತ್ತವೆ, ಕೆಂಪಗಿರುವವು ಗೊಂಚಲಲ್ಲೇ ನಿಲ್ಲುತ್ತವೆ. ತೊಟ್ಟಿನ ಸುತ್ತ ಕೆಂಪು ಉಂಗುರ ಉಳಿದಿದ್ದರೆ ಇನ್ನೂ ಕೆಲವು ದಿನ ಬಿಡಬೇಕು. ಹಣ್ಣಿನ ಮೇಲಿನ ಬೂದಿಯಂಥ ಬಿಳಿ ಪುಡಿ ಧೂಳಲ್ಲ, ಹಣ್ಣೇ ಹೊದ್ದುಕೊಂಡ ಮೇಣ. ತೇವ ಆರದಂತೆ ಅದು ಕಾಯುತ್ತದೆ. ಬೆರಳು ತಾಗಿದಲ್ಲಿ ಮೇಣ ಅಳಿಸಿ ಕಡುನೀಲಿ ಮೈ ಕಾಣುತ್ತದೆ.

ರೈಬೀಸ್ ಕುಲದ ಕೆಂಪು ಮತ್ತು ಕಪ್ಪು ಕರಂಟ್‌ಗಳನ್ನು ಬಿಡಿಯಾಗಿ ಆರಿಸದೆ ಗೊಂಚಲಾಗಿಯೇ ಕಿತ್ತು ಮನೆಯಲ್ಲಿ ಫೋರ್ಕಿನಿಂದ ಉದುರಿಸಿಕೊಳ್ಳುತ್ತಾರೆ. ಬ್ರಿಟನ್ ಮತ್ತು ಜರ್ಮನಿಯ ತೋಟಗಳಲ್ಲಿ ಇವು ಸಾಮಾನ್ಯ, ಅಮೆರಿಕದಲ್ಲಿ ಅಪರೂಪ. ಬಿಳಿ ಪೈನ್ ಮರಗಳಿಗೆ ತಗಲುವ ತುಕ್ಕುರೋಗಕ್ಕೆ ಈ ಗಿಡಗಳು ಆಸರೆಯಾಗುತ್ತವೆಂದು ಅಲ್ಲಿ 20ನೇ ಶತಮಾನದ ಆರಂಭದಲ್ಲಿ ಅವನ್ನು ನಿಷೇಧಿಸಲಾಯಿತು. ಒಕ್ಕೂಟ ಸರ್ಕಾರದ ನಿಷೇಧ 1966ರಲ್ಲಿ ತೆರವಾಯಿತಾದರೂ ಆ ಹೊತ್ತಿಗೆ ಎರಡು ತಲೆಮಾರಿಗೆ ಆ ರುಚಿಯೇ ಮರೆತುಹೋಗಿತ್ತು.

ತೋಟದ ರಚನೆ

ಮಾರುಕಟ್ಟೆಗೆ ಬೆಳೆಯುವ ತೋಟಕ್ಕೂ ಇದಕ್ಕೂ ಮುಖ್ಯ ವ್ಯತ್ಯಾಸ ನಡೆದಾಡುವ ಜಾಗದಲ್ಲಿದೆ. ಮಕ್ಕಳ ಕೈಹಿಡಿದು ಬರುವವರಿಗೆ, ತಳ್ಳುಬಂಡಿ ತರುವವರಿಗೆ ಸಾಲುಗಳ ನಡುವಿನ ಕಾಲುಹಾದಿ ಅಗಲವಾಗಿರಬೇಕು. ಸ್ಟ್ರಾಬೆರಿಯನ್ನು ಹಳೆಯ ಕ್ರಮದಲ್ಲಿ ಗಿಡಗಳು ರನ್ನರ್ ಎಂಬ ಹಬ್ಬುಕುಡಿಗಳನ್ನು ಬಿಟ್ಟು ಚಾಪೆಯಂತೆ ಹರಡಲು ಬಿಟ್ಟು ಬೆಳೆಯುತ್ತಾರೆ. ಹಣ್ಣು ಮಣ್ಣಿಗೆ ತಾಗದಂತೆ ಅಡಿಯಲ್ಲಿ ಗೋಧಿಹುಲ್ಲು ಹಾಸುತ್ತಾರೆ. ಕ್ಯಾಲಿಫೋರ್ನಿಯ, ಫ್ಲಾರಿಡಗಳಲ್ಲಿ ಏರುಮಡಿ ಮಾಡಿ, ಮಲ್ಚಿಂಗ್ ಶೀಟ್ ಹೊದಿಸಿ, ಅಡಿಯಲ್ಲಿ ಡ್ರಿಪ್ ಪೈಪು ಎಳೆದು ಪ್ರತಿ ವರ್ಷ ಹೊಸ ಗಿಡ ನೆಡುತ್ತಾರೆ. ಬ್ರಿಟನ್ನಿನ ಅನೇಕ ತೋಟಗಳಲ್ಲಿ ಈಗ ಸೊಂಟದೆತ್ತರದ ಕಟ್ಟೆಗಳ ಮೇಲೆ ತೆಂಗಿನ ನಾರಿನ ಚೀಲಗಳಲ್ಲಿ ಗಿಡ ಬೆಳೆಸಲಾಗುತ್ತಿದೆ. ಬಗ್ಗಲಾಗದ ವೃದ್ಧರಿಗೂ ಗಾಲಿಕುರ್ಚಿಯಲ್ಲಿ ಬರುವವರಿಗೂ ಇದರಿಂದ ತೋಟದ ಬಾಗಿಲು ತೆರೆದಂತಾಗಿದೆ.

ರಾಸ್ಪ್‌ಬೆರಿಯ ಕೋಲುಗಳನ್ನು ತಂತಿಗೆ ಕಟ್ಟಿ ಬೇಲಿಯಂತೆ ನಿಲ್ಲಿಸುತ್ತಾರೆ. ಬ್ಲೂಬೆರಿ ಆಳೆತ್ತರದ ಪೊದೆ, ಪಿಎಚ್ 4.5ರಿಂದ 5.5ರ ಹುಳಿ ಮಣ್ಣಿಲ್ಲದಿದ್ದರೆ ಎಲೆ ಹಳದಿಯಾಗಿ ಸೊರಗುತ್ತದೆ. ಪೂರ್ತಿ ಫಸಲಿಗೆ ಅದು ಹಲವು ವರ್ಷ ತೆಗೆದುಕೊಂಡರೂ ಆಮೇಲೆ ದಶಕಗಟ್ಟಲೆ ಕೊಡುತ್ತದೆ. ಪರಾಗಸ್ಪರ್ಶಕ್ಕೆ ಜೇನುಪೆಟ್ಟಿಗೆ ಇಡುವುದು ಎಲ್ಲ ಬೆರಿಗಳಿಗೂ ಸಾಮಾನ್ಯ. ಬ್ಲೂಬೆರಿಯ ಗಂಟೆಯಾಕಾರದ ಹೂವಿನಲ್ಲಿ ಪರಾಗವನ್ನು ಮೈ ಕಂಪಿಸಿ ಉದುರಿಸಬೇಕಾದ್ದರಿಂದ ದಪ್ಪ ಬಂಬಲ್‌ಬೀ ದುಂಬಿಗಳ ಕೆಲಸ ಅಲ್ಲಿ ಹೆಚ್ಚು.

ಭೇಟಿಯ ಕ್ರಮ

ತೋಟದ ಭೇಟಿ ಸಾಮಾನ್ಯವಾಗಿ ಬೆಳಗ್ಗೆಯೇ. ಇಬ್ಬನಿ ಆರಿರಬೇಕು, ಬಿಸಿಲು ಏರಿರಬಾರದು. ಒದ್ದೆ ಹಣ್ಣು ಬೇಗ ಬೂಷ್ಟು ಹಿಡಿಯುತ್ತದೆ, ಬಿಸಿಯಾದ ಹಣ್ಣು ಬುಟ್ಟಿಯಲ್ಲೇ ಮೆತ್ತಗಾಗುತ್ತದೆ. ಹಿಂದಿನ ದಿನವೇ ಹಣ್ಣೆಲ್ಲ ಖಾಲಿಯಾಗಿದ್ದರೆ ತೋಟವನ್ನು ಒಂದೆರಡು ದಿನ ಮುಚ್ಚಿ ಮಾಗಲು ಬಿಡುತ್ತಾರೆ. ಹಾಗಾಗಿ ಹೊರಡುವ ಮೊದಲು ತೋಟದವರನ್ನು ವಿಚಾರಿಸುವುದು ರೂಢಿ.

ಪ್ರವೇಶದಲ್ಲಿ ಖಾಲಿ ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆ ಕೊಡುತ್ತಾರೆ. ಮನೆಯಿಂದ ಡಬ್ಬಿ ತಂದರೆ ಅದರ ತೂಕವನ್ನು ಮೊದಲೇ ನೋಡಿ ಬರೆದುಕೊಂಡು ಕೊನೆಗೆ ಕಳೆಯುತ್ತಾರೆ. ಎಲ್ಲಿಂದ ಕೊಯ್ಯಬೇಕೆಂದು ಸಾಲು ತೋರಿಸುತ್ತಾರೆ. ಹಿಂದಿನವರು ನಿಲ್ಲಿಸಿದ ಕಡೆ ಪುಟ್ಟ ಬಾವುಟ ನೆಟ್ಟಿರುತ್ತದೆ, ಮುಗಿಸಿದವರು ಅದನ್ನು ತಾವು ನಿಂತ ಕಡೆಗೆ ಸರಿಸುತ್ತಾರೆ. ಬುಟ್ಟಿಯಲ್ಲಿ ಹಣ್ಣು ನಾಲ್ಕೈದು ಬೆರಳಗಲಕ್ಕಿಂತ ಎತ್ತರಕ್ಕೆ ಪೇರಿಸಬಾರದು, ಅಡಿಯವು ಜಜ್ಜಿಹೋಗುತ್ತವೆ. ನಾಯಿಗಳಿಗೆ ಪ್ರವೇಶವಿರುವುದಿಲ್ಲ. ಕೈ ತೊಳೆದು ಒಳಹೋಗಬೇಕೆಂಬುದು ಸಾಮಾನ್ಯ ನಿಯಮ. ಬೆರಿಗಳನ್ನು ಸಿಪ್ಪೆ ತೆಗೆಯದೆ, ಬೇಯಿಸದೆ ತಿನ್ನುವುದರಿಂದ ಈ ನಿಯಮಕ್ಕೆ ತೂಕವಿದೆ.

ಬೆಲೆ ಕಟ್ಟುವ ಕ್ರಮ ಊರಿಂದೂರಿಗೆ ಬೇರೆ. ತೂಕದ ಲೆಕ್ಕ ಅತಿ ಸಾಮಾನ್ಯ. ಅಮೆರಿಕದಲ್ಲಿ ಕ್ವಾರ್ಟ್ ಎಂಬ ಬುಟ್ಟಿಯ ಅಳತೆಯೂ ನಡೆಯುತ್ತದೆ. ಒಂದು ಕ್ವಾರ್ಟ್ ಸ್ಟ್ರಾಬೆರಿ ಸುಮಾರು 700 ಗ್ರಾಂ ತೂಗುತ್ತದೆ, ಎಂಟು ಕ್ವಾರ್ಟ್ ಸೇರಿದರೆ ಒಂದು ಫ್ಲ್ಯಾಟ್. ಕೊಯ್ಯುತ್ತ ಕೊಯ್ಯುತ್ತ ತಿನ್ನುವುದನ್ನು ಬಹುಪಾಲು ತೋಟಗಳು ಸಹಿಸುತ್ತವೆ. ಈಚೆಗೆ ಕೆಲವು ತೋಟಗಳು ಆ ನಷ್ಟ ಸರಿದೂಗಿಸಲು ಪ್ರವೇಶ ಶುಲ್ಕ ಇಟ್ಟಿವೆ.

ಜಪಾನಿನ ಪದ್ಧತಿ ಪೂರ್ತಿ ಬೇರೆ. ಅಲ್ಲಿ ಇದರ ಹೆಸರು ಇಚಿಗೊ-ಗರಿ, ಅಂದರೆ ಸ್ಟ್ರಾಬೆರಿ ಬೇಟೆ. ಶರತ್ಕಾಲದ ಕೆಂಪೆಲೆ ನೋಡಲು ಹೋಗುವುದಕ್ಕೂ ಜಪಾನೀಯರು ಬಳಸುವುದು ಇದೇ ಬೇಟೆಯ ಪದ. ಜನವರಿಯಿಂದ ಮೇವರೆಗೆ, ಗಾಜಿನ ಅಥವಾ ಪ್ಲಾಸ್ಟಿಕ್ ಮನೆಗಳೊಳಗೆ, ಗೊತ್ತಾದ ಶುಲ್ಕ ಕೊಟ್ಟವರು ಸಾಮಾನ್ಯವಾಗಿ 30 ನಿಮಿಷ ಬೇಕಾದಷ್ಟು ಕಿತ್ತು ಅಲ್ಲೇ ತಿನ್ನಬಹುದು. ಅದ್ದಿಕೊಳ್ಳಲು ಗಟ್ಟಿಹಾಲು ಕೊಡುತ್ತಾರೆ. ಮನೆಗೆ ಒಯ್ಯುವುದಕ್ಕೆ ಬೇರೆ ಹಣ. ಶಿಜುವೊಕಾ ಪ್ರಾಂತದ ಕುನೊ ಬೆಟ್ಟದ ಕಡಲಂಚಿನಲ್ಲಿ ಇಳಿಜಾರಿಗೆ ಕಲ್ಲುಗೋಡೆ ಕಟ್ಟಿ ಸಂದುಗಳಲ್ಲಿ ಗಿಡ ನೆಡುವ ಹಳೆಯ ಕ್ರಮವಿದೆ. ಹಗಲಿನ ಬಿಸಿಲನ್ನು ಹೀರಿಕೊಂಡ ಕಲ್ಲು ಚಳಿರಾತ್ರಿಯಲ್ಲಿ ಬೇರನ್ನು ಬೆಚ್ಚಗಿಡುತ್ತದೆ.

ಬೆಳೆಗಾರರ ಲೆಕ್ಕ

ಬೆರಿ ಬೆಳೆಯಲ್ಲಿ ಕೊಯ್ಲಿನ ಕೂಲಿಯೇ ದೊಡ್ಡ ಖರ್ಚು, ಮೆತ್ತನೆಯ ಹಣ್ಣಿಗೆ ಯಂತ್ರ ಹೊಂದುವುದೂ ಕಷ್ಟ. ಸ್ವಯಂ ಕೊಯ್ಲು ಆ ಖರ್ಚನ್ನು ಇಳಿಸಿ, ನಡುವಿನ ದಲ್ಲಾಳಿಯನ್ನೂ ತಪ್ಪಿಸುತ್ತದೆ. ಬದಲಿಗೆ ವಾಹನ ನಿಲುಗಡೆ, ಶೌಚಾಲಯ, ವಿಮೆ, ಕಾವಲುಗಾರರ ಖರ್ಚು ಬರುತ್ತದೆ. ಊರಿನಿಂದ ತೀರ ದೂರವಿದ್ದರೆ ಜನ ಬರುವುದಿಲ್ಲ. ವಾರವಿಡೀ ಮಾಗಿದ ಹಣ್ಣು ಶನಿವಾರ, ಭಾನುವಾರಗಳಿಗಾಗಿ ಕಾಯುತ್ತಿರುತ್ತದೆ. ಆ ಎರಡು ದಿನ ಮಳೆ ಹಿಡಿದರೆ ಜನವೂ ಬರುವುದಿಲ್ಲ, ಹಣ್ಣೂ ಉಳಿಯುವುದಿಲ್ಲ.

ಗಿಡದಲ್ಲಿ ಬಿಟ್ಟ ಹಣ್ಣು ರೋಗದ ಮನೆಯೂ ಹೌದು. ಬೋಟ್ರೈಟಿಸ್ ಎಂಬ ಬೂದು ಬೂಷ್ಟು ಒಂದು ಕೊಳೆತ ಹಣ್ಣಿನಿಂದ ಸುತ್ತಲಿನದಕ್ಕೆ ಹಬ್ಬುತ್ತದೆ. ಇದಕ್ಕಿಂತ ಹೊಸ ಕಾಟ ಪೂರ್ವ ಏಷ್ಯ ಮೂಲದ ಡ್ರೊಸೊಫಿಲ ಸುಜುಕಿ ನೊಣದ್ದು. ಸಾಮಾನ್ಯ ಹಣ್ಣುನೊಣ ಕೊಳೆತದ್ದನ್ನು ಹುಡುಕಿದರೆ, ಇದರ ಹೆಣ್ಣು ಗರಗಸದಂಥ ಅಂಡನಾಳದಿಂದ ಮಾಗುತ್ತಿರುವ ಒಳ್ಳೆಯ ಹಣ್ಣಿನ ಸಿಪ್ಪೆ ಸೀಳಿ ಮೊಟ್ಟೆಯಿಡುತ್ತದೆ. 2008ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಪತ್ತೆಯಾದ ಇದು ಕೆಲವೇ ವರ್ಷಗಳಲ್ಲಿ ಅಮೆರಿಕ, ಯೂರೋಪುಗಳ ಬೆರಿ ಪ್ರದೇಶಗಳಿಗೆ ಹರಡಿತು. ಮಾಗಿದ್ದನ್ನೆಲ್ಲ ಬೇಗ ಕಿತ್ತು ತೋಟ ಚೊಕ್ಕವಾಗಿಡುವುದು ಇದಕ್ಕೆ ಮುಖ್ಯ ಮದ್ದು. ಹವ್ಯಾಸಕ್ಕೆ ಕೊಯ್ಯುವವರು ಚೆಂದದ್ದನ್ನಷ್ಟೇ ಆರಿಸಿ ಉಳಿದದ್ದನ್ನು ಬಿಟ್ಟುಹೋಗುವುದರಿಂದ, ಅವರ ಹಿಂದೆ ಇನ್ನೊಮ್ಮೆ ಸಾಲು ಬಳಿಯುವ ಆಳುಗಳು ಬೇಕಾಗುತ್ತಾರೆ. ಔಷಧಿ ಸಿಂಪಡಿಸಿದ ಮೇಲೆ ಕೊಯ್ಲಿಗೆ ಇಂತಿಷ್ಟು ದಿನ ಬಿಡಬೇಕೆಂಬ ನಿಯಮವೂ ದಿನವೂ ಜನ ಬರುವ ತೋಟದಲ್ಲಿ ಪಾಲಿಸಲು ಕಠಿಣ. ಸಿಂಪಡಿಸಿದ ಭಾಗವನ್ನು ಹಗ್ಗ ಕಟ್ಟಿ ಮುಚ್ಚಿಡುತ್ತಾರೆ.

ಬಳಕೆ

ಕೊಯ್ದ ಸ್ಟ್ರಾಬೆರಿ, ರಾಸ್ಪ್‌ಬೆರಿಗಳು ಫ್ರಿಜ್ಜಿನಲ್ಲಿ ಎರಡು ಮೂರು ದಿನ ಚೆನ್ನಾಗಿರುತ್ತವೆ, ಬ್ಲೂಬೆರಿ ವಾರ ದಾಟಿಯೂ ತಾಳುತ್ತದೆ. ತೊಳೆಯುವುದು ತಿನ್ನುವ ಮುಂಚೆಯಷ್ಟೇ. ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಹೆಪ್ಪುಗಟ್ಟಿಸಿ ಆಮೇಲೆ ಚೀಲಕ್ಕೆ ತುಂಬಿದರೆ ಮುದ್ದೆಯಾಗುವುದಿಲ್ಲ. ಜಾಮ್ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಸ್ಟ್ರಾಬೆರಿಯಲ್ಲಿ ಕಡಿಮೆ, ಕರಂಟ್ ಮತ್ತು ಗೂಸ್‌ಬೆರಿಗಳಲ್ಲಿ ಹೆಚ್ಚು. ಸ್ಟ್ರಾಬೆರಿ ಜಾಮಿಗೆ ನಿಂಬೆರಸ ಹಿಂಡುವುದು ಇದಕ್ಕೇ. ಬ್ರಿಟನ್ನಿನ ಸಮರ್ ಪುಡಿಂಗ್, ಅಮೆರಿಕದ ಶಾರ್ಟ್‌ಕೇಕ್, ಉತ್ತರ ಜರ್ಮನಿಯ ರೋಟೆ ಗ್ರೂಟ್ಸೆ ಈ ಸುಗ್ಗಿಯ ತಿನಿಸುಗಳು. ಹೊರದೇಶದ ಕನ್ನಡ ಮನೆಗಳಲ್ಲಿ ಹುಳಿ ಉಳಿದ ಸ್ಟ್ರಾಬೆರಿ ಗೊಜ್ಜಿಗೆ ಒದಗುವುದೂ ಉಂಟು.

ಭಾರತದಲ್ಲಿ

ಭಾರತದ ಸ್ಟ್ರಾಬೆರಿಯ ಬಹುಪಾಲು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಹಾಬಲೇಶ್ವರ, ಪಂಚಗಣಿ ಪ್ರದೇಶದ್ದು. ಕೃಷ್ಣಾ ನದಿ ಹುಟ್ಟಿ ಕರ್ನಾಟಕದ ಕಡೆಗೆ ಇಳಿಯುವ ಬೆಟ್ಟವೂ ಇದೇ. ಸಮುದ್ರಮಟ್ಟದಿಂದ ಸುಮಾರು 1,350 ಮೀಟರ್ ಎತ್ತರದ ಚಳಿ ಮತ್ತು ಕೆಂಪು ಮಣ್ಣು ಬೆಳೆಗೆ ಒಗ್ಗಿದೆ. ಮಹಾಬಲೇಶ್ವರ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಮಳೆಗಾಲದ ಕೊನೆಗೆ ನೆಟ್ಟ ಗಿಡಗಳು ಚಳಿಗಾಲದಿಂದ ಬೇಸಗೆಯ ಮೊದಲವರೆಗೆ ಹಣ್ಣು ಕೊಡುತ್ತವೆ. ಆ ತಿಂಗಳುಗಳಲ್ಲಿ ರಸ್ತೆಬದಿಯ ಹಲವು ತೋಟಗಳು ಪ್ರವಾಸಿಗರನ್ನು ಒಳಗೆ ಬಿಟ್ಟು, ಕೊಯ್ದಷ್ಟನ್ನು ತೂಗಿ ಮಾರುತ್ತವೆ. 2017ರಲ್ಲಿ ಪುಸ್ತಕಗಳ ಊರೆಂದು ಘೋಷಿತವಾದ ಭಿಲಾರ್ ಈ ಸ್ಟ್ರಾಬೆರಿ ಹಳ್ಳಿಗಳಲ್ಲಿ ಒಂದು.

ಕರ್ನಾಟಕದಲ್ಲಿ ಸ್ಟ್ರಾಬೆರಿ ಸಣ್ಣ ಪ್ರಮಾಣದ ಬೆಳೆ. ಇಲ್ಲಿ ಸ್ವಯಂ ಕೊಯ್ಲಿಗೆ ಹತ್ತಿರದ ಪ್ರಯೋಗ ನಡೆದದ್ದು ಮಾವಿನಲ್ಲಿ: ರಾಜ್ಯದ ಮಾವು ಅಭಿವೃದ್ಧಿ ನಿಗಮವು ಸುಗ್ಗಿಯ ವಾರಾಂತ್ಯಗಳಲ್ಲಿ ಬೆಂಗಳೂರಿನವರನ್ನು ಬಸ್ಸಿನಲ್ಲಿ ರಾಮನಗರ ಸುತ್ತಿನ ತೋಟಗಳಿಗೆ ಕರೆದೊಯ್ದು, ಅವರ ಕೈಯಲ್ಲೇ ಕೊಯ್ಲು ಮಾಡಿಸಿ ಮಾರುವ ಪ್ರವಾಸಗಳನ್ನು ಏರ್ಪಡಿಸಿದೆ. ಮಾವು ಅಡೆಯಲ್ಲಿ ಹಣ್ಣಾಗುವುದರಿಂದ ಆ ಗಿರಾಕಿ ಒಯ್ಯುವುದು ಬಲಿತ ಕಾಯಿಯನ್ನು. ಗಿಡದ ಬಳಿಯೇ ನಿಂತು ಪೂರ್ತಿ ಮಾಗಿದ್ದನ್ನು ತಿನ್ನುವ ರೂಢಿ ನಾಡಿನಲ್ಲಿ ಉಳಿದಿರುವುದು ಗುಡ್ಡದ ಹಣ್ಣುಗಳಲ್ಲಿ. ಬೇಸಗೆಯಲ್ಲಿ ಕುರುಚಲು ಕಾಡಿನ ಮುಳ್ಳಿನ ನಡುವೆ ಕೈಹಾಕಿ ಕಪ್ಪಾದ ಕವಳಿ ಹಣ್ಣನ್ನು ಕಿತ್ತವರಿಗೆ, ಬೆರಳಿಗಂಟಿದ ಅದರ ಬಿಳಿ ಹಾಲು ಸಂಜೆಯವರೆಗೂ ಹೋಗದಿದ್ದದ್ದು ಗೊತ್ತು. ಆ ಗುಡ್ಡಗಳಲ್ಲಿ ತಕ್ಕಡಿಯೂ ಇಲ್ಲ, ಶುಲ್ಕವೂ ಇಲ್ಲ.

ಇಂದಿನ ಸ್ಥಿತಿ

ಬ್ರಿಟನ್ನಿನಲ್ಲಿ 1980ರ ದಶಕದ ನಂತರ ಸ್ವಯಂ ಕೊಯ್ಲಿನ ತೋಟಗಳು ಕಡಿಮೆಯಾದವು. ಪಾಲಿಟನೆಲ್ ಎಂಬ ಪ್ಲಾಸ್ಟಿಕ್ ಹೊದಿಕೆಯ ಚಪ್ಪರಗಳು ಹಣ್ಣಿನ ಋತುವನ್ನು ಹಿಗ್ಗಿಸಿದವು, ಸೂಪರ್‌ಮಾರ್ಕೆಟ್‌ಗಳಲ್ಲಿ ತಿಂಗಳುಗಟ್ಟಲೆ ಹಣ್ಣು ಸಿಗತೊಡಗಿತು, ಮನೆಯಲ್ಲಿ ಜಾಮ್ ಕಾಯಿಸುವವರೂ ವಿರಳರಾದರು. ಉಳಿದುಕೊಂಡ ತೋಟಗಳು ಅಗ್ಗದ ಹಣ್ಣಿನ ಅಂಗಡಿಯಾಗಿ ಉಳಿಯದೆ ಕುಟುಂಬದ ವಿಹಾರದ ತಾಣಗಳಾಗಿ ಬದಲಾದವು. 2020ರ ಕೋವಿಡ್ ಬೇಸಗೆಯಲ್ಲಿ ಬಯಲಿನಲ್ಲಿ, ಅಂತರ ಕಾಯ್ದುಕೊಂಡು ಮಾಡಬಹುದಾದ ಕೆಲಸವೆಂದು ಜನ ಮತ್ತೆ ಇತ್ತ ಬಂದರು. ಆಗ ಶುರುವಾದ ಮುಂಗಡ ಬುಕಿಂಗ್ ಹಲವೆಡೆ ಕಾಯಂ ಆಯಿತು. ಅಮೆರಿಕದಲ್ಲಿ ಫ್ಲಾರಿಡದ ಪ್ಲಾಂಟ್ ಸಿಟಿ ಸುತ್ತ ಚಳಿಗಾಲದಲ್ಲಿ ಆರಂಭವಾಗುವ ಸ್ಟ್ರಾಬೆರಿ ಕೊಯ್ಲು ಬೇಸಗೆ ಏರಿದಂತೆ ಉತ್ತರಕ್ಕೆ ಸರಿಯುತ್ತದೆ, ಜೂನ್ ಹೊತ್ತಿಗೆ ನ್ಯೂ ಇಂಗ್ಲೆಂಡ್ ಮುಟ್ಟುತ್ತದೆ. ಅದರ ಬೆನ್ನಿಗೆ ಜುಲೈಯಲ್ಲಿ ನ್ಯೂಜೆರ್ಸಿ ಮತ್ತು ಮಿಶಿಗನ್‌ನ ಬ್ಲೂಬೆರಿ ತೋಟಗಳ ಬಾಗಿಲು ತೆರೆಯುತ್ತದೆ.